ಕಿವಿಯ ಮೇಲಿನ ಕೂದಲು

ಜೂನ್ 3

ಇವತ್ತು ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಇವರ ಎರಡೂ ಕಣ್ಣುಗಳಲ್ಲಿ ನೋಟದ ನಡುಭಾಗ ಹೋಗಿದೆ, ಅದು ಮರಳುವುದಿಲ್ಲ. ಅಂಚು ಉಳಿಯಬಹುದು. ಇವರು ಪಾಠ ಕೇಳುವ ಮಕ್ಕಳ ಹಾಗೆ ಕೈಕಟ್ಟಿ ಕೇಳಿಸಿಕೊಂಡರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ನನ್ನತ್ತ ತಿರುಗಿ, "ನಿನ್ನ ಕಿವಿ ಕಾಣ್ತಿದೆ, ಓಲೆ ಕಾಣ್ತಿದೆ. ನಡುವೆ ಯಾರೋ ಬೂದಿ ಮೆತ್ತಿದ ಹಾಗಿದೆ," ಎಂದರು. ಆಮೇಲೆ, "ಹೆಂಡತಿ ಮುಖ ನೋಡದೆ ಬದುಕೋ ಭಾಗ್ಯ ಎಷ್ಟು ಗಂಡಂದಿರಿಗೆ ಸಿಗುತ್ತೆ ಹೇಳು."

ನಕ್ಕೆ. ಬಸ್ಸಿನಲ್ಲಿ ಕಣ್ಣೀರು ಬಂದಾಗ ಕಿಟಕಿ ಕಡೆ ತಿರುಗಿಕೊಂಡೆ. ತಿರುಗಿಕೊಳ್ಳುವ ಅಗತ್ಯವೇ ಇಲ್ಲ ಎಂಬುದು ಎರಡು ನಿಲ್ದಾಣ ದಾಟಿದ ಮೇಲೆ ಹೊಳೆಯಿತು.

ನಕ್ಷೆ ಬರೆಯುವ ಕೆಲಸವನ್ನು ಇವರು ಜನವರಿಯಲ್ಲೇ ಬಿಟ್ಟಾಯಿತು. ಈಗ ಉಳಿದಿರುವುದು ನಾಣ್ಯ ಸಂಗ್ರಹಕಾರರ ಸಂಘವೊಂದೇ. ಅಲ್ಲಿ ಇವರದು ದರ್ಜೆ ಹೇಳುವ ಕೆಲಸ. ಸದಸ್ಯರು ನಾಣ್ಯವನ್ನು ಸಣ್ಣ ಲಕೋಟೆಯಲ್ಲಿ ಮನೆಗೆ ತಂದು ಬಿಟ್ಟು ಹೋಗುತ್ತಾರೆ. ಇವರು ಬಿಡುವಾಗಿ ನೋಡಿ, ಅದರ ಸ್ಥಿತಿ ಯಾವ ದರ್ಜೆಯದು ಎಂದು ಕಾರ್ಡಿನಲ್ಲಿ ಬರೆದು ಕೊಡುತ್ತಾರೆ. ಒಬ್ಬರಿಗೊಬ್ಬರು ಸೊಪ್ಪು ಹಾಕದ ಆ ಗುಂಪಿನಲ್ಲಿ ಇವರ ಮಾತನ್ನು ಯಾರೂ ಮೀರಿದ್ದಿಲ್ಲ.

"ಸಂಘದವರಿಗೆ ಹೇಳ್ಬೇಡ," ಎಂದರು ಊಟಕ್ಕೆ ಕೂತಾಗ. "ಅದೊಂದು ಇರಲಿ ನನಗೆ."

ಜೂನ್ 9

ಸಂಜೆ ಮೊದಲ ಸಲ ಇವರ ಕಣ್ಣಾಗಿ ಕೂತೆ.

ಟ್ಯೂಬ್‌ಲೈಟ್ ಆರಿಸಬೇಕು. ಟೇಬಲ್ ಲ್ಯಾಂಪಿನ ಬಲ್ಬ್ ಒಂದೇ ಉರಿಯಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ವಾಲಿಸಿದರೆ ಬೆಳಕು ಅದರ ಮೈಮೇಲೆ ಚಕ್ರದ ಕಡ್ಡಿಯ ಹಾಗೆ ಸುತ್ತು ಹೊಡೆಯುತ್ತದೆ. ನಾನು ಭೂತಗನ್ನಡಿಯಲ್ಲಿ ನೋಡಿ ಹೇಳಬೇಕು.

"ಕಂಡದ್ದು ಹೇಳು. ಚೆನ್ನಾಗಿದೆ, ಸವೆದಿದೆ ಅಂತೆಲ್ಲ ಹೇಳಿದ್ರೆ ಅದು ತೀರ್ಪು. ತೀರ್ಪು ನನಗೆ ಬಿಡು."

ಮೊದಲನೆಯದರಲ್ಲಿ ಒಂದು ಹಡಗಿತ್ತು. "ವಯಸ್ಸಾದ ಹಡಗು ದಡಕ್ಕೆ ಬಂದು ಮಗ್ಗುಲಾದ ಹಾಗಿದೆ," ಎಂದೆ.

"ಕವಿತೆ ಬೇಡ ಕಣೇ. ಹಾಯಿಪಟದ ಹಗ್ಗ ಬಿಡಿಬಿಡಿಯಾಗಿ ಕಾಣ್ತವಾ, ಕೂಡ್ಕೊಂಡಿದಾವಾ?"

"ಮೇಲಿನವು ಬಿಡಿಯಾಗಿವೆ. ಕೆಳಗಿನ ಎರಡು ಕೂಡಿಕೊಂಡು ಒಂದಾಗಿವೆ."

"ಹಾಂ. ಈಗ ಹೇಳಿದೆ ನೋಡು."

ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ ಮಾತಿನಲ್ಲಿ ಆ ಪುಟ್ಟ ಹಡಗು ಅವರ ಒಳಗೆ ಹೊರಟಿರುವುದು ಮುಖದಲ್ಲಿ ತಿಳಿಯುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಹೇಳಿದ್ದನ್ನು ಇವರು ಇಷ್ಟು ಲಕ್ಷ್ಯ ಕೊಟ್ಟು ಕೇಳಿದ್ದು ನೆನಪಿಲ್ಲ. ಮುಗಿದ ಮೇಲೆ, "ಈಗ ನಿನ್ನ ಕವಿತೆ ಓದು, ಸಾಲ ತೀರಲಿ," ಎಂದರು. ಎರಡು ಓದಿದೆ. ಎರಡನೆಯದಕ್ಕೆ ನಿದ್ದೆ ಹೋಗಿದ್ದರು. ಇರಲಿ.

ಜೂನ್ 17

ಸಂಘದ ಕೈಪಿಡಿಯನ್ನು ಲೈಬ್ರರಿಗೆ ಒಯ್ದು, ಹುಡುಗರು ಬರುವ ಮೊದಲು ಓದಿದೆ. ಕಾಲೇಜು ಲೈಬ್ರರಿಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಇಷ್ಟು ಚಿಕ್ಕ ಪುಸ್ತಕಕ್ಕೆ ಇಷ್ಟು ದೊಡ್ಡ ಜಗಳಗಳು ಹುಟ್ಟಿದ್ದನ್ನು ಕಂಡಿಲ್ಲ.

ಎಲ್ಲಕ್ಕಿಂತ ಮೇಲಿನ ದರ್ಜೆಯ ಹೆಸರು 'ಬಳಸದ್ದು'. ಅದಕ್ಕಿರುವ ನಿಯಮ ಒಂದೇ ವಾಕ್ಯ: ಉಬ್ಬಿದ ಜಾಗಗಳಲ್ಲಿ ಸವೆತದ ಗುರುತು ಇರಬಾರದು. ಅದರ ಕೆಳಗೆ 'ಅತ್ಯುತ್ತಮ', ಆಮೇಲೆ 'ಉತ್ತಮ', ಹೀಗೇ ಇಳಿಯುತ್ತಾ ತಳದಲ್ಲಿ 'ಚೆನ್ನಾಗಿದೆ'. ನಾಣ್ಯದವರ ಲೋಕದಲ್ಲಿ ಚೆನ್ನಾಗಿದೆ ಎಂದರೆ ಮುಖ ಮೂಗು ಅಳಿಸಿ ಹೋಗಿ ಬರಿಯ ನೆರಳು ಉಳಿದಿದೆ ಎಂದರ್ಥ. ಇವರಿಗೆ ಹೇಳಿ ನಕ್ಕೆ. "ಯಾರಾದ್ರೂ ಹೇಗಿದೀರಾ ಅಂದ್ರೆ ನಾವೂ ಅದನ್ನೇ ತಾನೆ ಹೇಳೋದು," ಎಂದರು.

ಜಗಳವೆಲ್ಲ ಆ ಮೊದಲ ವಾಕ್ಯದ್ದು. ಉಬ್ಬಿದ ಜಾಗ ಚಪ್ಪಟೆಯಾಗಿದ್ದರೆ ಅದು ಕೈಯಿಂದ ಕೈಗೆ ಹೋಗಿ ತೇದದ್ದೇ ಆಗಬೇಕಿಲ್ಲ. ಟಂಕಸಾಲೆಯಲ್ಲಿ ಅಚ್ಚು ಗಟ್ಟಿಯಾಗಿ ಬೀಳದಿದ್ದರೆ ನಾಣ್ಯ ಹುಟ್ಟುವಾಗಲೇ ಅಲ್ಲಿ ಚಪ್ಪಟೆಯಾಗಿರುತ್ತದೆ. ಒಂದು ಬದುಕಿದ್ದರ ಗುರುತು, ಇನ್ನೊಂದು ಹುಟ್ಟಿನ ಕುಂದು. ಕಣ್ಣಿಗೆ ಎರಡೂ ಒಂದೇ.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದರು ಇವರು. "ತಮ್ಮ ನಾಣ್ಯ ಚಪ್ಪಟೆಯಾಗಿದ್ರೆ ಹುಟ್ಟಿದ್ದೇ ಹಾಗೆ ಅಂತಾರೆ. ಪಕ್ಕದೋನದಾದ್ರೆ ಸವೆತ. ಎಲ್ಲರೂ ಅದೇ ವಾಕ್ಯ ಎತ್ತಿ ತೋರಿಸ್ತಾರೆ, ಎಲ್ಲರೂ ಪ್ರಾಮಾಣಿಕರೇ."

"ಮತ್ತೆ ನೀವು ಹೇಗೆ ಹೇಳ್ತೀರಿ?"

"ಹೊಳಪು ನೋಡಿ. ತೇದ ಜಾಗಕ್ಕೆ ಬಂದಾಗ ಬೆಳಕು ಮಂಕಾಗಿ ನಿಲ್ಲುತ್ತೆ. ಹುಟ್ಟಿನಿಂದ ಚಪ್ಪಟೆಯಾಗಿದ್ರೆ ನಿಲ್ಲದೆ ಓಡುತ್ತೆ. ಅಷ್ಟೇ. ಅದನ್ನ ಪುಸ್ತಕದಲ್ಲಿ ಬರೆದಿಲ್ಲ, ಬರೆದ್ರೂ ಉಪಯೋಗ ಇಲ್ಲ. ನೋಡೋನಿಗೆ ನಾಣ್ಯ ಯಾರದು ಅನ್ನೋದು ಮರೆತುಹೋಗ್ಬೇಕು."

ಇದನ್ನು ಕವಿತೆಯ ವಿಮರ್ಶಕರಿಗೂ ಯಾರಾದರೂ ಹೇಳಬೇಕಿತ್ತು.

ಜೂನ್ 30

ಎದುರಿನ ಮರ ಕಡಿದರು. ಬೆಳಿಗ್ಗೆಯಿಡೀ ಗರಗಸದ ಸದ್ದು. ಎಲ್ಲಿ ಅದು ಎಂದು ಇವರು ಕೇಳಿದರು. ಪಕ್ಕದ ಬೀದಿಯಲ್ಲಿ ಏನೋ ಕೆಲಸ ಎಂದೆ. ಆ ಮರ ಇವರಿಗೆ ಇಷ್ಟವಾಗಿತ್ತು. ಹೇಳಿ ಸಂಕಟ ಕೊಡುವುದರಿಂದ ಯಾರಿಗೆ ಏನು ಬಂತು.

ಐದು ನಾಣ್ಯ ಮುಗಿಸಿದೆವು. ಈಗ ನನಗೆ ಉದ್ದದ ವರ್ಣನೆ ಬೇಕಾಗುವುದಿಲ್ಲ. 'ಕೆನ್ನೆ ಮಂಕು, ಹುಬ್ಬು ಪೂರ್ತಿ' ಎಂದರೆ ಸಾಕು. ಇವರು ಬಾಯಿ ತೆರೆಯುವ ಮೊದಲೇ ಕಾರ್ಡಿಗೆ ಏನು ಬರೆಯಬೇಕೆಂದು ಗೊತ್ತಿರುತ್ತದೆ, ಬರೆದೂ ಇರುತ್ತೇನೆ. ಇದುವರೆಗೆ ತಪ್ಪಿಲ್ಲ.

ಕವಿತೆಗೆ ಹೊತ್ತು ಸಾಲಲಿಲ್ಲ.

ಜುಲೈ 8

ಹೊಲಿಯಲು ಕೊಟ್ಟಿದ್ದ ನನ್ನ ಕೋಟು ತರಲು ಟೈಲರ್ ಅಂಗಡಿಗೆ ಹೋಗಿದ್ದೆ. ತೊಟ್ಟು ನೋಡಿದರೆ ಭುಜ ಹಿಡಿಯುತ್ತದೆ, ಮುಂದೆ ಗುಂಡಿ ಕೂಡುವುದಿಲ್ಲ. ಅಳತೆ ತಪ್ಪಿದೆ ಎಂದೆ. ಈ ಟೈಲರ್ ಕೂಡ ಸಂಘದವನೇ. ಬಾಯಿ ಸ್ವಲ್ಪ ಉದ್ದ. ಪಟ್ಟಿ ಹಿಡಿದು ಎಲ್ಲರೆದುರು ಅಳೆದು, "ಅಳತೆ ಸರಿಯಾಗೇ ಇದೆ ಅಕ್ಕಾ. ಅಳತೆ ಕೊಟ್ಟೋರು ಬದಲಾಗಿದಾರೆ," ಎಂದ. ಕಾಯುತ್ತಿದ್ದವರು ನಕ್ಕರು. ಒಬ್ಬ ಹೆಂಗಸು ಜೋರಾಗಿಯೇ ನಕ್ಕಳು.

ಕೋಟು ಮಡಿಸಿಕೊಡುತ್ತಾ, "ಸಾರ್‌ಗೆ ನನ್ನ ಮೇಲೆ ಕೋಪವಾ? ಮೊನ್ನೆ ದಾರೀಲಿ ಎದುರಿಗೇ ಬಂದ್ರು. ನಾನು ನಮಸ್ಕಾರ ಹಾಕಿದ್ರೆ ನನ್ನ ಪಕ್ಕದ ಕಂಬಕ್ಕೆ ಕೈಮುಗಿದು ಹೋಗ್ಬಿಟ್ರು," ಎಂದ.

"ಯೋಚನೆಯಲ್ಲಿರ್ತಾರೆ."

"ಅದೇ ಅಂದ್ಕೊಂಡೆ. ಕಂಬಕ್ಕಾದ್ರೂ ನಮಸ್ಕಾರ ಸಿಕ್ತಲ್ಲ, ಬಿಡಿ."

ಅವನು ಏನೋ ಮೂಸಿ ನೋಡುತ್ತಿದ್ದಾನೆ. ಮನೆಗೆ ಬಂದು ಇವರಿಗೆ ಹೇಳಲಿಲ್ಲ. ಕೋಟು ಹೇಗಿದೆ ಎಂದರು. ಅಳತೆಗೆ ಸರಿಯಾಗಿ ಕೂತಿದೆ ಎಂದೆ.

ಜುಲೈ 19

ಟೈಲರ್ ಮನೆಗೆ ಬಂದ. ಹಳೆಯ ಹತ್ತಿಬಟ್ಟೆಯ ಗಂಟು ಬಿಚ್ಚಿ ಬೆಳ್ಳಿ ನಾಣ್ಯವೊಂದನ್ನು ಇವರತ್ತ ಚಾಚಿದ. ಇವರ ಕೈ ಗೇಣು ದೂರ ಪಕ್ಕಕ್ಕೆ ಹೋಯಿತು. ನಾನು ನಡುವೆ ಕೈಹಾಕಿ ತೆಗೆದುಕೊಂಡೆ.

"ನಿಮ್ಮ ಕೈ ಚುರುಕು ಅಕ್ಕಾ," ಎಂದ. ಅದರಲ್ಲಿ ಏನು ಅಡಗಿತ್ತೋ.

ಸೆಪ್ಟೆಂಬರ್ ಮೊದಲಿಗೆ ಸಂಘದ ಪ್ರದರ್ಶನ. ನಡುವಿನ ಮೇಜಿನ ಮೇಲೆ 'ಬಳಸದ್ದು' ಎಂಬ ಕಾರ್ಡಿರುವ ನಾಣ್ಯಗಳಿಗೆ ಮಾತ್ರ ಜಾಗ. ಇಷ್ಟು ವರ್ಷದಲ್ಲಿ ಟೈಲರನ ಒಂದು ನಾಣ್ಯವೂ ಅಲ್ಲಿಗೆ ಏರಿಲ್ಲ.

"ನಮ್ಮ ತಾತ ಟಂಕಸಾಲೇಲಿ ಕೆಲಸಕ್ಕಿದ್ರು ಸಾರ್. ಮೊದಲ ಸಂಬಳದಲ್ಲಿ ಬಂದಿದ್ದು ಇದು. ಅಚ್ಚಿನ ಬಿಸಿ ಆರೋ ಮೊದಲು ಬಟ್ಟೇಲಿ ಸುತ್ತಿದ್ರಂತೆ. ಅಂಗಡಿ ಮುಖ ನೋಡಿದ ನಾಣ್ಯ ಅಲ್ಲ. ಸಾಯೋವಾಗ ನನ್ನ ಕೈಲಿ ಇಟ್ಟು ಹೇಳಿದ್ದು ಇಷ್ಟೇ, ಇದನ್ನ ಯಾರೂ ಮುಟ್ಟಿಲ್ಲ ಅಂತ." ಬಾಯಿಬಡುಕ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಇವರು, "ನೋಡೋಣ, ನಾಣ್ಯಾನೇ ಹೇಳುತ್ತೆ," ಎಂದರು.

ಜುಲೈ 21

ಟೈಲರನ ನಾಣ್ಯ ನೋಡಿದೆವು. ಹೆಣ್ಣಿನ ಮುಖ. ಕೆನ್ನೆ, ಹುಬ್ಬು, ಗಲ್ಲ ಎಲ್ಲ ಪೂರ್ತಿ. ಕಿವಿಯ ಮೇಲಿನ ಕೂದಲು ಮಾತ್ರ ಚಪ್ಪಟೆ; ಎಳೆಗಳಿರಬೇಕಾದಲ್ಲಿ ನುಣ್ಣಗಿದೆ.

"ಅಲ್ಲಿ ಬೆಳಕು ಏನು ಮಾಡುತ್ತೆ?" ಎಂದರು.

ವಾಲಿಸಿದೆ. ಬೆಳಕು ಕೆನ್ನೆಯಿಂದ ಹೊರಟು ಕಿವಿಯ ಮೇಲೆ ಬಂತು. ಒಂದು ಸಲ ನಿಲ್ಲದೆ ದಾಟಿದ ಹಾಗೆ ಕಂಡಿತು. ಆದರೆ ಬಲ್ಬು ಹೊಸದು, ಬಲು ಪ್ರಖರ. ಈ ಬೆಳಕಿಗೆ ಹಳೇ ತಗಡು ಕೂಡ ಹೊಳೆಯುತ್ತದೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ. ಮೂಸಿ ನೋಡುವವನ ಮಾತಿಗೆ ನಾಣ್ಯ ಬಾಗಬೇಕಿಲ್ಲ.

"ಮಂಕಾಗಿದೆ," ಎಂದೆ.

"ಇನ್ನೊಂದು ಸಲ ವಾಲಿಸು."

ವಾಲಿಸಿದೆ. "ಮಂಕು."

"ಉಳಿದದ್ದೆಲ್ಲ ಪೂರ್ತಿ ಅಂತೀಯ. ಅದೊಂದೇ ಜಾಗ ತೇಯೋದು ಅಪರೂಪ. ಖಂಡಿತ ತಾನೆ?"

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಬಿಟ್ಟು ನನಗೆ ಇನ್ನೇನಿದೆ," ಎಂದರು. ಕಾರ್ಡಿನಲ್ಲಿ 'ಅತ್ಯುತ್ತಮ' ಎಂದು ಬರೆದೆ. ಅದೇನು ಕೀಳು ದರ್ಜೆಯಲ್ಲ. ಎಷ್ಟೋ ಜನ ಅದಕ್ಕೇ ಹಿಗ್ಗುತ್ತಾರೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಜುಲೈ 27

ಟೈಲರ್ ಕಾರ್ಡನ್ನು ಓದಿ ಮೇಜಿನ ಮೇಲೆ ಬೋರಲು ಹಾಕಿದ.

"ಹಾಗಾದ್ರೆ ನಮ್ಮ ತಾತ ಸಾಯೋವಾಗ ಸುಳ್ಳು ಹೇಳಿದ್ರು ಅಂತಾಯ್ತು."

"ನಿಮ್ಮ ತಾತನ ಕೈಗೆ ಬರೋ ಮೊದಲೇ ನಾಲ್ಕು ಕೈ ದಾಟಿರಬಹುದು," ಎಂದರು ಇವರು. "ಕಿವಿ ಮೇಲೆ ಸವೆತ ಇದೆ. ನೋಡಿದ್ದನ್ನ ಬರೀದೆ ಇರೋಕಾಗಲ್ಲ."

"ನೀವೇ ನೋಡಿದ್ರಾ ಸಾರ್?"

"ನಾನಲ್ಲದೆ ಇನ್ಯಾರು ನೋಡ್ತಾರೆ?"

ಟೈಲರ್ ನನ್ನನ್ನು ನೋಡಿದ. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಬಾಗಿಲ ಹತ್ತಿರ ಅವನು, "ದೊಡ್ಡ ಊರಿನಲ್ಲಿ ಮೂರು ಜನ ಕೂತು ನೋಡ್ತಾರಂತೆ. ಅಲ್ಲಿಗೇ ಕಳಿಸ್ತೀನಿ. ಬೇಜಾರು ಮಾಡ್ಕೋಬೇಡಿ," ಎಂದದ್ದು ಕೇಳಿಸಿತು.

"ಕಳಿಸ್ಲಿ," ಎಂದರು ಇವರು, ಅವನು ಹೋದ ಮೇಲೆ. "ಅಲ್ಲೂ ಇದನ್ನೇ ಹೇಳ್ತಾರೆ. ಅಲ್ವೇನೆ?"

ಹೌದೆಂದೆ.

ಆಗಸ್ಟ್ 15

ನಾಣ್ಯ ಮರಳಿ ಬಂದಿದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಕಳಿಸಿದ್ದಾರೆ. ಮೇಲೆ ಚೀಟಿ: ಬಳಸದ್ದು, ಕಿವಿಯ ಮೇಲೆ ಅಚ್ಚು ದುರ್ಬಲ. ಟೈಲರ್ ಅದನ್ನು ಅಂಗಡಿ ಅಂಗಡಿಗೆ ತೋರಿಸುತ್ತಿದ್ದಾನೆಂದು ಕೆಳಮನೆಯಾಕೆ ಹೇಳಿದರು.

ಆ ಮೂವರೂ ಮನುಷ್ಯರೇ. ಅವರದೂ ಒಂದು ಅಭಿಪ್ರಾಯ. ಇವರಿಗೆ ಹಾಗೆಂದೇ ಹೇಳಿದೆ. ಇವರು, "ಮೂರು ಜನಕ್ಕೂ ಹೊಳಪು ಕಂಡಿದೆ," ಎಂದರು. ಅಷ್ಟೇ. ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು.

ಆಗಸ್ಟ್ 17

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಘದ ಸಭೆ. ಅಂಗಡಿಯವರೇ ಅಧ್ಯಕ್ಷರು. ಇವರು ಒಬ್ಬರೇ ಮೆಟ್ಟಿಲು ಹತ್ತಲಾರರೆಂದು ನಾನೂ ಹೋಗಿ ಪಕ್ಕದಲ್ಲಿ ಕೂತೆ. ಗಂಡಸರ ನಡುವೆ ನಾನೊಬ್ಬಳೇ.

ಟೈಲರ್ ಎದ್ದು ಬಂದು ಡಬ್ಬಿಯನ್ನು ಇವರ ಕೈಯಲ್ಲೇ ಇಟ್ಟ. "ಚೀಟಿ ಮೇಲೆ ಏನು ಬರೆದಿದೆ, ನೀವೇ ಓದಿಬಿಡಿ ಸಾರ್."

ಇವರು ಅದನ್ನು ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಕಾಳು ಕಂಡ ಹಕ್ಕಿಯ ಹಾಗೆ ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಣ್ಣಂಚಿನಿಂದ ಹಿಡಿಯಲು ನೋಡಿದರು. ಯಾರೋ ಕೆಮ್ಮಿದರು. ಅದನ್ನು ನೋಡಬಾರದೆಂದು ಕೆಲವರು ನೆಲ ನೋಡತೊಡಗಿದರು.

"ಕಾಣಲ್ಲ," ಎಂದರು ಇವರು. "ಜೂನ್‌ನಿಂದ ಕಾಣ್ತಿಲ್ಲ."

"ಹಾಗಾದ್ರೆ ಇಷ್ಟು ದಿನ ನೋಡಿದ್ದು ಯಾರು?" ಅಧ್ಯಕ್ಷರ ಪ್ರಶ್ನೆ.

"ಕಣ್ಣು ಇವಳದು. ದರ್ಜೆ ನನ್ನದು."

ಎಲ್ಲರೂ ನನ್ನ ಕಡೆ ತಿರುಗಿದರು. ಟೈಲರನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಅಕ್ಕಾ, ಒಂದೇ ಮಾತು ಹೇಳಿಬಿಡಿ. ಕಿವಿ ಮೇಲೆ ಹೊಳಪು ಕಂಡಿತ್ತಾ, ಇಲ್ವಾ?"

"ಕಂಡಿತ್ತು," ಎಂದೆ. "ಹೇಳಿದ್ದೆ. ಇವರೇ ಸವೆತ ಅಂದ್ರು."

ಪಕ್ಕದಲ್ಲಿ ಇವರು ನನ್ನತ್ತ ತಿರುಗಿದ್ದು ತಿಳಿಯಿತು. ನನ್ನ ಮುಖ ಅವರಿಗೆ ಕಾಣುವುದಿಲ್ಲ. ಆದರೂ ಬಹಳ ಹೊತ್ತು ಈ ಕಡೆಯೇ ನೋಡಿದರು. ಆಮೇಲೆ ಡಬ್ಬಿಯನ್ನು ಅಂಚಿನಲ್ಲೇ ಹಿಡಿದು ಟೈಲರನಿಗೆ ವಾಪಸು ಕೊಟ್ಟರು.

"ಹೌದು. ಅವಳು ಹೇಳಿದ್ದಳು. ತಪ್ಪು ನನ್ನದು. ನಿಮ್ಮ ತಾತ ನಿಜ ಹೇಳಿದ್ರು."

ಇನ್ನು ಮುಂದೆ ಇವರ ಕಾರ್ಡು ನಡೆಯುವುದಿಲ್ಲವೆಂದೂ, ಜೂನ್‌ನಿಂದ ಬರೆದ ಕಾರ್ಡುಗಳನ್ನೆಲ್ಲ ರದ್ದು ಮಾಡಬೇಕೆಂದೂ ತೀರ್ಮಾನವಾಯಿತು. ಕೈ ಎತ್ತಿರಿ ಎಂದಾಗ ಇವರೂ ಎತ್ತಿದರು. ಮೆಟ್ಟಿಲಿಳಿಯುವಾಗ ಟೈಲರ್ ಇವರ ತೋಳು ಹಿಡಿದುಕೊಂಡ. "ಮೊದಲೇ ಒಂದು ಮಾತು ಹೇಳಿದ್ರೆ ನಾವೇ ಸರದಿ ಮೇಲೆ ಬಂದು ನೋಡಿ ಹೇಳ್ತಿದ್ವಲ್ಲ ಸಾರ್. ನಾವೇನು ಹೊರಗಿನೋರಾ?"



ಆಗಸ್ಟ್ 18

ಮತ್ತೆ ಮತ್ತೆ ನೆನಪಿಸಿಕೊಂಡೆ. ಅಂದು ಸಂಜೆ 'ಒಂದು ಸಲ ದಾಟಿದ ಹಾಗಿದೆ' ಎಂದು ನಾನು ಬಾಯಿಬಿಟ್ಟೇ ಅಂದಿರಬೇಕು. ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿ ಮೂಡಿದ ಮಾತು ನಾಲಿಗೆಗೆ ಬಾರದೆ ಹೇಗಿರುತ್ತದೆ. ಇವರೂ ಒಪ್ಪಿಕೊಂಡರಲ್ಲ. ಸುಳ್ಳಾಗಿದ್ದರೆ ಅಷ್ಟು ಜನರೆದುರು ಒಪ್ಪಿಕೊಳ್ಳುತ್ತಿದ್ದರೇ.

ಆಗಸ್ಟ್ 24

ಅಧ್ಯಕ್ಷರು ಮನೆಗೆ ಬಂದಿದ್ದರು. ಪ್ರದರ್ಶನಕ್ಕೆ ದಿನ ಹತ್ತಿರವಾಗಿದೆ, ಕಾರ್ಡು ಬರೆಯುವವರಿಲ್ಲ. "ನಿಮ್ಮ ಕಣ್ಣು ಸರಿಯಾಗೇ ನೋಡಿತ್ತಲ್ಲ ತಾಯಿ. ಆ ಮೂರು ಜನಕ್ಕೆ ಕಂಡದ್ದು ನಿಮಗೂ ಕಂಡಿತ್ತು. ನೀವೇ ನಡೆಸ್ಕೊಂಡು ಹೋಗಿ," ಎಂದರು. ಇವರು ಮೂಲೆಯ ಕುರ್ಚಿಯಲ್ಲಿದ್ದರು. ನೀವೇನಂತೀರಿ ಎಂದು ಕೇಳಿದೆ.

"ಒಳ್ಳೇದು," ಎಂದರು.

ಕೆಲಸ ನಮ್ಮ ಮನೆಯಲ್ಲೇ ಉಳಿಯಲಿ, ಇವರ ಹೆಸರಿಗೆ ಅಷ್ಟಾದರೂ ಸಲ್ಲಲಿ ಎಂದು ಒಪ್ಪಿಕೊಂಡೆ.

ಸೆಪ್ಟೆಂಬರ್ 2

ಪ್ರದರ್ಶನ ಮುಗಿಯಿತು. ಟೈಲರನ ನಾಣ್ಯ ನಡುವಿನ ಮೇಜಿನ ಮೇಲಿತ್ತು. ಅವನು ಹೊಸ ಅಂಗಿ ತೊಟ್ಟು ದಿನವಿಡೀ ಅದರ ಪಕ್ಕ ನಿಂತಿದ್ದ. ನನಗೆ ನಮಸ್ಕಾರ ಹೇಳಿದ, ಅಕ್ಕಾ ಎನ್ನಲಿಲ್ಲ. ಇವರು ಬರಲಿಲ್ಲ.

ಮರ ಹೋದ ಸಂಗತಿಯನ್ನು ಕೆಳಮನೆಯಾಕೆ ಇವರಿಗೆ ಹೇಳಿದರಂತೆ. ಯಾವಾಗ ಕಡಿದದ್ದು ಎಂದು ವಿಚಾರಿಸಿಕೊಂಡರಂತೆ. ನನ್ನ ಹತ್ತಿರ ಆ ಮಾತೆತ್ತಿಲ್ಲ.

ಸಂಜೆ ಕವಿತೆ ಓದಲೇ ಎಂದು ಕೇಳಿದೆ. ರೇಡಿಯೋ ಇದೆ ಎಂದರು.

ಸೆಪ್ಟೆಂಬರ್ 6

ಏಳು ಲಕೋಟೆ. ಎರಡು ಬಳಸದ್ದು, ನಾಲ್ಕು ಉತ್ತಮ, ಒಂದು ಚೆನ್ನಾಗಿದೆ. ಯಾರೂ ತಕರಾರು ತೆಗೆಯಲಿಲ್ಲ.

ಸೆಪ್ಟೆಂಬರ್ 13

ಇವತ್ತು ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೊರಡುವ ಮೊದಲು ಒಂದು ಲಕೋಟೆ ಮುಗಿಸಿಬಿಡೋಣವೆಂದು ನಾನು ಲ್ಯಾಂಪಿನ ಮುಂದೆ ಕೂತಿದ್ದೆ. ಕೆಳಮನೆಯಾಕೆ ಛತ್ರಿ ಹಿಂದಿರುಗಿಸಲು ಬಂದರು. ಇವರು ಬಿಳಿ ಅಂಗಿ ತೊಟ್ಟು ಕೋಣೆಯಿಂದ ಹೊರಗೆ ಬಂದು, ಆಕೆಯ ದನಿ ಇದ್ದ ಕಡೆ ನಿಂತು, "ಒಂದು ಉಪಕಾರ ಮಾಡ್ತೀರಾ? ಈ ಅಂಗಿ ಮೇಲೆ ಎಲ್ಲಾದ್ರೂ ಕಲೆ ಇದೆಯಾ ನೋಡಿ," ಎಂದರು.

ಆಕೆಗೆ ಮುಜುಗರವಾಯಿತು. "ನಿಮ್ಮ ಮನೆಯವರು ಇಲ್ಲೇ ಕೂತಿದಾರಲ್ಲ."

"ಕೂತಿದಾಳೆ. ನೀವು ನೋಡಿ ಹೇಳಿ."

ಆಕೆ ನನ್ನನ್ನೊಮ್ಮೆ ನೋಡಿ, ಬಗ್ಗಿ, ಕಾಲರಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ದಾಟುತ್ತಾ ನೋಡಿದರು. "ಇದೆ. ಇಲ್ಲಿ, ಜೇಬಿನ ಕೆಳಗೆ. ಚಿಕ್ಕದು," ಎಂದರು.

ಇವರು ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದರು. ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ. ಅಷ್ಟು ಚಿಕ್ಕ ಕಲೆಯನ್ನು ಯಾರು ನೋಡುತ್ತಾರೆ.